ಕಾವಲಿನ ಸುಖ

ಸುಖವೆಂಬುದು ‘ನನ್ನದು’ ಎಂಬ ಭಾವವನ್ನು ಆಶ್ರಯಿಸಿಯೇ ಬಾಳತಕ್ಕದ್ದೋ, ಅಥವಾ ಆ ಆಶ್ರಯವಿಲ್ಲದೆಯೂ ನಿಲ್ಲಬಲ್ಲದೋ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಅರಣ್ಯಗಳಲ್ಲಿಯೂ ಮಠಗಳಲ್ಲಿಯೂ ಕುಳಿತು ಬಹುಕಾಲ ವಿಚಾರಿಸಿದ್ದಾರೆ. ಆ ವಿಚಾರವನ್ನು ಪರೀಕ್ಷಿಸಿ ನೋಡುವುದಕ್ಕೆ ಅರಣ್ಯಕ್ಕಿಂತಲೂ ಮಠಕ್ಕಿಂತಲೂ ಅನುಕೂಲವಾದ ಸ್ಥಳವೊಂದು ಉಂಟೆಂದು ನಾನು ಬಗೆದಿದ್ದೇನೆ. ಅದು, ಯಜಮಾನನು ಊರಿನಲ್ಲಿಲ್ಲದ ಹಳ್ಳಿಯ ಮನೆ. ಪರರ ಮನೆಯನ್ನು ಕೆಲವು ಕಾಲ ಕಾಯಲೊಪ್ಪಿದವನು ಸಂನ್ಯಾಸಿಯಂತೆ ಎಲ್ಲವನ್ನೂ ತೊರೆದವನಲ್ಲ, ಗೃಹಸ್ಥನಂತೆ ಏನನ್ನಾದರೂ ಪಡೆದವನೂ ಅಲ್ಲ. ಬೀಗದ ಕೈ ಅವನ ಸೊಂಟದಲ್ಲಿರುವುದು, ಜಾಗದ ಪತ್ರಗಳು ಇನ್ನೊಬ್ಬನ ಪೆಟ್ಟಿಗೆಯಲ್ಲಿರುವುವು. ಈ ಮಧ್ಯಸ್ಥಿತಿಯಲ್ಲಿ ಮನಸ್ಸಿಗೆ ಒದಗುವ ಸಂತೋಷವು ಎಂತಹುದು, ಅದರಲ್ಲಿ ಸತ್ಯವೆಷ್ಟು, ಅದರ ಮೇರೆ ಎಲ್ಲಿಗೆ ಮುಗಿಯುವುದು ಎಂಬುದನ್ನು ಇಲ್ಲಿ ಕೊಂಚ ಸಾವಧಾನವಾಗಿ ನೋಡಬೇಕೆಂದಿದ್ದೇನೆ.

ಪಶ್ಚಿಮಘಟ್ಟದ ಬುಡಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಇಂತಹ ಮನೆಗಳಿಗೆ ಕೊರತೆಯಿಲ್ಲ. ಕೊಡಚಾದ್ರಿಯ ಸೆರಗಿನಿಂದ ಇಳಿದು ಬರುವ ಸೌಪರ್ಣಿಕೆಯೂ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿಗಳೂ ಕೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯ ಬಳಿ ಕಡಲನ್ನು ಸೇರುವ ಈ ನಾಡು ನೀರಿನಲ್ಲಿ ಸಮೃದ್ಧವಾದುದೇ ಹೊರತು ನೆಲದಲ್ಲಿ ವಿಸ್ತಾರವಾದುದಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚಿದಂತೆಲ್ಲ ಗದ್ದೆ ಹೆಚ್ಚುವ ಹಾಗಿರಲಿಲ್ಲ. ಆದುದರಿಂದ ಕಳೆದ ಶತಮಾನದ ಆರಂಭದಿಂದಲೇ ಇಲ್ಲಿಯ ತರುಣರು ಘಟ್ಟ ಹತ್ತಿದರು, ಬೊಂಬಾಯಿಯ ಹಡಗು ಏರಿದರು, ಹೋಟೆಲುಗಳಲ್ಲಿ ದುಡಿದರು, ಹೋಟೆಲುಗಳನ್ನು ಕಟ್ಟಿದರು. ಸಾಲಿಗ್ರಾಮದ ಸಮೀಪದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಲೋಕಪ್ರಸಿದ್ಧವಾಯಿತೆಂಬುದನ್ನು ಎಲ್ಲರೂ ಬಲ್ಲರು. ಅಷ್ಟು ಪ್ರಸಿದ್ಧಿಗೆ ಬಾರದ ಸಹಸ್ರಾರು ಕುಟುಂಬಗಳು ಅದೇ ದಾರಿಯನ್ನು ಹಿಡಿದುವು. ದುಡಿದ ಹಣದಲ್ಲಿ ಒಂದು ಪಾಲು ಊರಿನ ಮನೆಗೆ ಬಂದು ಕೆಂಪುಕಲ್ಲಿನ ಗೋಡೆಯಾಯಿತು, ಹೆಂಚಿನ ಮಾಡಾಯಿತು, ಸಿಮೆಂಟಿನ ಅಂಗಳವಾಯಿತು. ಆದರೆ ಆ ಮನೆಯಲ್ಲಿ ವಾಸಿಸಬೇಕಾದವರು ಮಾತ್ರ ಬರಲಿಲ್ಲ. ಹಿರಿಯರು ಇರುವತನಕ ಬಾಗಿಲು ತೆರೆದಿತ್ತು. ಅವರೂ ತೀರಿಕೊಂಡ ಮೇಲೆ, ಅಥವಾ ಮಕ್ಕಳ ಬಳಿಗೆ ಹೊರಟುಹೋದ ಮೇಲೆ, ಮನೆಗೆ ಜನ ಬೇಕಾಯಿತು.

ಜನ ಏಕೆ ಬೇಕೆಂದರೆ, ಕರಾವಳಿಯ ಮನೆಯು ಬೀಗ ಹಾಕಿ ಬಿಟ್ಟುಹೋಗತಕ್ಕ ವಸ್ತುವಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ, ಅದರಲ್ಲಿಯೂ ಬಹುಪಾಲು ನಾಲ್ಕು ತಿಂಗಳೊಳಗೆ ಸುರಿಯುವ ಈ ಪ್ರದೇಶದಲ್ಲಿ, ಗಾಳಿಗೆ ಒಂದು ಹೆಂಚು ಸರಿದರೆ ಸಾಕು, ಅಲ್ಲಿಂದ ಇಳಿದ ನೀರು ರೀಪನ್ನು ನೆನೆಸಿ, ಪಕ್ಕಾಸನ್ನು ಕೊಳೆಸಿ, ಗೋಡೆಯ ತಲೆಗೆ ಬಂದು, ಮರುವರ್ಷದ ಮಳೆಗೆ ಒಂದು ಕೋಣೆಯನ್ನೇ ನೆಲಕ್ಕಿಳಿಸುವುದು. ಒಲೆ ಉರಿಯುವ ಮನೆಯಲ್ಲಿ ಹೊಗೆಯು ನಿತ್ಯವೂ ಮಾಡಿನ ಮರವನ್ನು ಹೊಕ್ಕು ಒಣಗಿಸಿ, ಹುಳುಹುಪ್ಪಟೆಗಳನ್ನು ದೂರವಿಡುವುದು. ಒಲೆ ಆರಿದ ಮನೆಯಲ್ಲಿ ಅದೇ ಮರಕ್ಕೆ ಗೆದ್ದಲು ಹತ್ತುವುದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಹಾಕಿ ಹೆಂಚನ್ನು ಪ್ರಚಾರಕ್ಕೆ ತಂದ ಮೇಲೆ, ವರ್ಷವರ್ಷವೂ ಹುಲ್ಲಿನ ಮಾಡನ್ನು ಹೊದೆಸುವ ಶ್ರಮವು ತಪ್ಪಿತಾದರೂ, ಮನೆಯೊಳಗೆ ಮನುಷ್ಯನಿರಬೇಕೆಂಬ ನಿಯಮವು ತಪ್ಪಲಿಲ್ಲ. ನಾನು ಮಿತ್ರರೊಬ್ಬರ ಮನೆಯನ್ನು ಕಾಯಲು ಬೈಂದೂರಿನ ಒಳನಾಡಿನ ಹಳ್ಳಿಗೆ ಹೋಗಿ ಇಳಿದ ಮರುದಿನ ಬೆಳಗ್ಗೆ, ಬೇಲಿಯಾಚೆಯ ಮನೆಯ ವೃದ್ಧೆಯೊಬ್ಬರು ನನ್ನ ಹೆಸರನ್ನಾಗಲಿ ಊರನ್ನಾಗಲಿ ವಿಚಾರಿಸುವ ಮೊದಲೇ ಕೇಳಿದ ಮಾತು ಇಷ್ಟು: “ಹ್ವಾಯ್, ಒಲಿಗೆ ಬೆಂಕಿ ಹಾಕಿದ್ರ್ಯಾ? ಹೊಗಿ ಕಾಂತಿಲ್ಲೆ!” ನನ್ನನ್ನು ಅಲ್ಲಿಗೆ ಕರೆದುದು ಏತಕ್ಕೆಂಬುದು ಆ ಪ್ರಶ್ನೆಯಿಂದ ಸ್ಪಷ್ಟವಾಯಿತು. ಒಲೆಯಲ್ಲಿ ಬೆಂಕಿಯಿರಬೇಕು, ತುಳಸಿಯ ಮುಂದೆ ದೀಪವಿರಬೇಕು, ಬಾವಿಯ ನೀರು ಸೇದಿ ಹೊಸತಾಗುತ್ತಿರಬೇಕು. ಈ ಮೂರನ್ನು ನಡೆಸುವುದಕ್ಕೆ ಒಬ್ಬನು ಬೇಕು.

ಆ ದಿನಗಳ ಸುಖವನ್ನು ವರ್ಣಿಸುವುದು ಸುಲಭವಲ್ಲ. ಏಕೆಂದರೆ ಅದರಲ್ಲಿ ವಿಶೇಷವೆನ್ನಬಹುದಾದುದು ಏನೂ ಇರಲಿಲ್ಲ. ಮುಂಜಾವದಲ್ಲಿ ಎದ್ದು ಬಚ್ಚಲಿನ ಹಂಡೆಯ ಕೆಳಗೆ ಒಣಮಡಲನ್ನೂ ತೆಂಗಿನ ಸಿಪ್ಪೆಯನ್ನೂ ತುಂಬಿ ಉರಿಮಾಡುವುದು, ರಾಟೆಯ ಕೀರಲುಧ್ವನಿಯೊಡನೆ ಕೊಡಪಾನವನ್ನು ಬಾವಿಗಿಳಿಸುವುದು, ಅಂಗಳಕ್ಕೆ ಬಿದ್ದ ಅಡಕೆಯ ಹಾಳೆಗಳನ್ನು ಎತ್ತಿಡುವುದು, ಕುಚ್ಚಲಕ್ಕಿಯ ಗಂಜಿಯನ್ನು ಮಿಡಿ ಉಪ್ಪಿನಕಾಯಿಯೊಡನೆ ಉಣ್ಣುವುದು, ಬಿಸಿಲೇರಿದ ಮೇಲೆ ಜಗಲಿಯಲ್ಲಿ ಕುಳಿತು ಗದ್ದೆಯ ಆಚೆಯ ಹಾಡಿಯನ್ನು ನೋಡುವುದು, ಸಂಜೆ ಕೈಕಾಲು ತೊಳೆದು ದೀಪ ಹಚ್ಚುವುದು: ಇಷ್ಟೇ. ಹಟ್ಟಿಯಲ್ಲಿದ್ದ ಹಸುವು ನನ್ನ ಕೈಗೆ ಹಾಲು ಕೊಡಲೊಪ್ಪಲಿಲ್ಲ. ಆ ವೃದ್ಧೆಯೇ ಎರಡು ಹೊತ್ತು ಬಂದು ಕರೆದುಕೊಟ್ಟು ಹೋಗುತ್ತಿದ್ದರು. ನಾಯಿಯು ಮೊದಲ ಕೆಲವು ರಾತ್ರಿ ನನ್ನನ್ನೇ ಕಾಯುತ್ತಿತ್ತೆಂದು ಹೇಳಬೇಕು. ಗೋಡೆಯ ಮೇಲಿದ್ದ ಹಿರಿಯರ ಚಿತ್ರಗಳು ನನ್ನ ಹಿರಿಯರವಲ್ಲ. ಆದುದರಿಂದ ಅವರು ನನ್ನಿಂದ ಏನನ್ನೂ ನಿರೀಕ್ಷಿಸಲಿಲ್ಲ. ನನ್ನ ಸ್ವಂತ ಮನೆಯಲ್ಲಿ ಒಂದು ಗೋಡೆಯನ್ನು ನೋಡಿದಾಗ ಸುಣ್ಣ ಬಳಿಸಬೇಕೆಂದೋ, ಕಿಟಕಿಯನ್ನು ನೋಡಿದಾಗ ಪಕ್ಕದವರ ಕಿಟಕಿ ಇದಕ್ಕಿಂತ ಚೆನ್ನೆಂದೋ, ಮರವನ್ನು ನೋಡಿದಾಗ ನನ್ನ ಮಕ್ಕಳ ಕಾಲಕ್ಕೆ ಇದು ಯಾರ ಪಾಲಿಗೆ ಹೋಗುವುದೆಂದೋ ತೋರುವುದು. ಕಣ್ಣು ನೋಡುವುದೊಂದು, ಮನಸ್ಸು ಲೆಕ್ಕ ಹಾಕುವುದೊಂದು. ಇಲ್ಲಿ ಗೋಡೆಯು ಗೋಡೆಯಾಗಿಯೇ ಕಂಡಿತು, ಮರವು ಮರವಾಗಿಯೇ ಕಂಡಿತು. ಮನೆಯನ್ನು ಉತ್ತಮಪಡಿಸುವ ಅಧಿಕಾರವು ನನಗಿಲ್ಲವೆಂಬುದೇ ಅದನ್ನು ಇದ್ದಂತೆ ನೋಡುವ ಅವಕಾಶವಾಯಿತು.

ಇದನ್ನು ಕೇಳಿದ ವೇದಾಂತಿಯು ಒಂದು ಆಕ್ಷೇಪವನ್ನು ತರಬಹುದು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು, ತನ್ನ ಸ್ವತ್ತನ್ನು ಇಬ್ಬರು ಪತ್ನಿಯರಿಗೆ ಪಾಲುಮಾಡಿಕೊಟ್ಟು ಹೊರಡಬೇಕೆಂದಿದ್ದ ಸಮಯದಲ್ಲಿ, ಮೈತ್ರೇಯಿಗೆ ಉಪದೇಶಿಸಿದುದೇನು? ಪತಿಯಾಗಲಿ, ಪತ್ನಿಯಾಗಲಿ, ಪುತ್ರರಾಗಲಿ, ವಿತ್ತವಾಗಲಿ ತಮಗಾಗಿ ಪ್ರಿಯವಲ್ಲ, ಆತ್ಮಕ್ಕಾಗಿಯೇ ಪ್ರಿಯವೆಂದಲ್ಲವೆ? ಹಾಗಾದರೆ ತನ್ನದಲ್ಲದ ಮನೆಯು ಪ್ರಿಯವಾಗುವುದೆಂತು? ಆಕ್ಷೇಪವು ಬಲವಾದುದು. ಆದರೆ ಉಪದೇಶದ ಸಂದರ್ಭವನ್ನು ನೋಡಿರಿ: ಸ್ವತ್ತನ್ನು ಹಂಚಿಬಿಟ್ಟು ನಿಂತವನ ಬಾಯಿಂದ ಬಂದ ಮಾತದು. ಪ್ರೀತಿಗೆ ಮೂಲವಾದ ಆತ್ಮವೂ, ನಾಡಕಚೇರಿಯ ಕಾಗದದಲ್ಲಿ ಯಾರ ಹೆಸರಿಗೆ ಖಾತೆಯಾಗಿದೆಯೋ ಆ ಆಸಾಮಿಯೂ ಒಂದೇ ಎಂದು ಋಷಿಯು ಎಲ್ಲಿಯೂ ಹೇಳಿಲ್ಲ. ಸಂತೋಷಕ್ಕೆ ಅನುಭವಿಸುವ ‘ನಾನು’ ಒಬ್ಬನಿರಬೇಕು ನಿಜ. ಆ ‘ನಾನು’ ಎಂಬುದರ ಬೆನ್ನಿಗೆ ‘ನನ್ನದು’ ಎಂಬುದೂ ಬಂದೇ ತೀರಬೇಕೆಂಬ ನಿಯಮವಿಲ್ಲ. ಕಾವಲಿನ ದಿನಗಳು ಇವೆರಡನ್ನೂ ಬೇರ್ಪಡಿಸಿ ತೋರಿಸಿಕೊಡುವುವು.

ಇಲ್ಲಿಗೆ ನಿಲ್ಲಿಸಿದರೆ ನಾನು ಹೇಳಿದುದು ವೈರಾಗ್ಯದ ಹಳೆಯ ಪಾಠವೇ ಆಗಿಬಿಡುವುದು. ಲೋಕವೊಂದು ಛತ್ರ, ನಾವೆಲ್ಲರೂ ಒಂದಿರುಳಿನ ಪಥಿಕರು, ಯಾವುದೂ ನಮ್ಮದಲ್ಲ ಎಂಬ ಮಾತನ್ನು ಹರಿಕಥೆಯಲ್ಲಿಯೂ ಶ್ರಾದ್ಧದ ಮನೆಯಲ್ಲಿಯೂ ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಛತ್ರದಲ್ಲಿ ತಂಗಿದ ಪಥಿಕನು ಮಾಡು ಸೋರಿದರೆ ಹಾಸಿಗೆಯನ್ನು ಆಚೆಗೆ ಎಳೆದುಕೊಳ್ಳುವನೇ ಹೊರತು ಹೆಂಚನ್ನು ಸರಿಪಡಿಸಲು ಏಣಿ ಹತ್ತುವವನಲ್ಲ. ಅವನಿಗೆ ಒಡೆತನವೂ ಇಲ್ಲ, ಹೊಣೆಯೂ ಇಲ್ಲ. ಯಜಮಾನನಿಗೆ ಎರಡೂ ಇವೆ. ಕಾವಲುಗಾರನ ಸ್ಥಾನವು ಇಬ್ಬರಿಗಿಂತಲೂ ಬೇರೆ: ಒಡೆತನವು ಲೇಶವೂ ಇಲ್ಲ, ಹೊಣೆಯು ಪೂರ್ಣವಾಗಿ ಇದೆ. ಸರಿರಾತ್ರಿ ಗಾಳಿಮಳೆಗೆ ಮಾಡಿನ ಮೇಲೆ ಏನೋ ಸರಿದ ಸದ್ದು ಕೇಳಿದರೆ ಪಥಿಕನು ಮಗ್ಗುಲು ಹೊರಳಿಯಾನು, ಕಾಯುವವನು ಏಳಲೇಬೇಕು. ನಮ್ಮ ವೈರಾಗ್ಯಬೋಧೆಗಳು ಬಹುಮಟ್ಟಿಗೆ ಪಥಿಕನನ್ನೇ ಆದರ್ಶವಾಗಿ ಇಟ್ಟುಕೊಂಡುದರಿಂದ, ‘ನನ್ನದಲ್ಲ’ ಎಂಬ ಮಾತು ನಮ್ಮಲ್ಲಿ ಅನೇಕ ವೇಳೆ ‘ನನಗೇನು’ ಎಂಬ ಮಾತಾಗಿ ಇಳಿದುಹೋಗಿದೆ. ಊರಿನ ಕೆರೆ ಹೂಳು ತುಂಬಿದರೂ, ದೇವಸ್ಥಾನದ ಪೌಳಿ ಕುಸಿದರೂ ನಿರ್ಲಿಪ್ತರಾಗಿ ದಾಟಿ ಹೋಗುವ ವಿರಕ್ತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಕಾವಲಿನ ಧರ್ಮವನ್ನು ಅರಿಯಬೇಕಾದರೆ ಪಥಿಕನನ್ನು ಬಿಟ್ಟು ಇನ್ನಿಬ್ಬರನ್ನು ನೆನೆಯಬೇಕು. ಕಣ್ವಮಹರ್ಷಿಗಳು ಸೋಮತೀರ್ಥಕ್ಕೆ ಹೊರಟಾಗ ಆಶ್ರಮವನ್ನೂ ಅತಿಥಿಸತ್ಕಾರವನ್ನೂ ಶಕುಂತಲೆಗೆ ಒಪ್ಪಿಸಿ ಹೋದರೆಂದು ಕಾಳಿದಾಸನು ಕಥೆಯನ್ನು ಕಟ್ಟಿದ್ದಾನೆ. ಆಕೆಯು ಆಶ್ರಮದ ಒಂದು ದರ್ಭೆಯನ್ನೂ ಅಪಹರಿಸಿದವಳಲ್ಲ. ಲತೆಗಳಿಗೆ ನೀರೆರೆದಳು, ಜಿಂಕೆಗಳನ್ನು ಸಲಹಿದಳು. ಆದರೂ ದೂರ್ವಾಸನು ಬಾಗಿಲಿಗೆ ಬಂದಾಗ ಆಕೆ ಅಲ್ಲಿದ್ದೂ ಇರಲಿಲ್ಲ. ಚಿತ್ತವು ದುಷ್ಯಂತನ ಹಿಂದೆ ಹೋಗಿತ್ತು. ಕಾವಲುಗಾರನು ಮಾಡಬಹುದಾದ ಮಹಾಪರಾಧವು ಕಳವಲ್ಲ, ಅನ್ಯಮನಸ್ಕತೆ ಎಂಬುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ನಿದರ್ಶನವನ್ನು ನಾನರಿಯೆ. ಶಾಪವು ಅಷ್ಟು ಕಠಿನವಾಗಬೇಕಾಗಿತ್ತೇ ಎಂದು ನಾವು ಕೇಳಬಹುದು. ತಪ್ಪು ಯಾವುದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಅದೇ ನಾಟಕದಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಟ್ಟ ಕಣ್ವರು, ಇಟ್ಟುಕೊಂಡಿದ್ದ ನ್ಯಾಸವನ್ನು ಒಡೆಯನಿಗೆ ಹಿಂದಿರುಗಿಸಿದವನ ಮನಸ್ಸಿನಂತೆ ತಮ್ಮ ಮನಸ್ಸು ತಿಳಿಯಾಯಿತೆಂದು ಭಾವಿಸುತ್ತಾರೆ. ಸಾಕಿದ ಮಗಳ ಅಗಲಿಕೆಯ ದುಃಖದ ನಡುವೆಯೂ ಕಾವಲುಗಾರನಿಗೆ ಮಾತ್ರ ಲಭ್ಯವಾಗುವ ಒಂದು ಪ್ರಸನ್ನತೆಯುಂಟೆಂಬುದನ್ನು ಕವಿಯು ಕಂಡಿದ್ದನು.

ಎರಡನೆಯವನು ಭರತ. ಹದಿನಾಲ್ಕು ವರ್ಷ ಅಣ್ಣನ ಮನೆಯನ್ನು ಕಾಯ್ದವನು ಆತ. ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು, ತಾನು ಅಯೋಧ್ಯೆಯ ಹೊರಗೆ ನಂದಿಗ್ರಾಮದಲ್ಲಿ ಜಟಾವಲ್ಕಲಗಳನ್ನು ಧರಿಸಿ ಕುಳಿತನು. ಈ ಚಿತ್ರವನ್ನು ನಾವು ಭ್ರಾತೃಭಕ್ತಿಗೆಂದು ಮೆಚ್ಚುತ್ತೇವೆ, ತ್ಯಾಗಕ್ಕೆಂದು ಕೊಂಡಾಡುತ್ತೇವೆ. ಆದರೆ ವಾಲ್ಮೀಕಿಯು ಯುದ್ಧಕಾಂಡದ ಕೊನೆಯಲ್ಲಿ ಹೇಳಿರುವ ಇನ್ನೊಂದು ಸಂಗತಿಯನ್ನು ಮರೆಯುತ್ತೇವೆ. ರಾಮನು ಹಿಂದಿರುಗಿದಾಗ ಭರತನು ಪಾದುಕೆಗಳನ್ನು ಅಣ್ಣನ ಕಾಲಿಗೆ ತೊಡಿಸಿ, ಕೋಶ, ಕಣಜ, ಪುರ, ಸೇನೆ ಎಲ್ಲವನ್ನೂ ನೋಡಿಕೊಳ್ಳಬೇಕೆಂದೂ ಅವು ರಾಮನ ತೇಜಸ್ಸಿನಿಂದ ಹತ್ತುಪಟ್ಟು ವೃದ್ಧಿಯಾಗಿವೆಯೆಂದೂ ಲೆಕ್ಕ ಒಪ್ಪಿಸಿದನು. ವಲ್ಕಲವನ್ನುಟ್ಟವನ ಕಣಜವು ಹತ್ತುಪಟ್ಟು ಬೆಳೆಯಿತು! ವಿರಕ್ತಿಯೂ ದಕ್ಷತೆಯೂ ಪರಸ್ಪರ ವಿರೋಧಿಗಳೆಂದು ನಂಬಿದವರು ಈ ಲೆಕ್ಕವನ್ನು ಒಮ್ಮೆ ಓದಿಕೊಳ್ಳಬೇಕು.

ಧರ್ಮಶಾಸ್ತ್ರಕಾರರೂ ಈ ವಿಷಯವನ್ನು ಭಾವನೆಗೆ ಬಿಟ್ಟವರಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ದಾವೆಯ ವಿಷಯಗಳಲ್ಲಿ, ಸಾಲದ ಬೆನ್ನಿಗೇ ಎರಡನೆಯದಾಗಿ ಬರುವುದು ನಿಕ್ಷೇಪ, ಎಂದರೆ ನಂಬಿ ಇರಿಸಿದ ಠೇವಣಿ. 1872ರ ಭಾರತೀಯ ಕರಾರು ಕಾಯಿದೆಯೂ, ಪರರ ಚರವಸ್ತುವನ್ನು ವಹಿಸಿಕೊಂಡವನು ಎಷ್ಟು ಎಚ್ಚರಿಕೆಯಿಂದಿರಬೇಕೆಂಬುದನ್ನು ವಿಧಿಸುವಾಗ, ಸಾಮಾನ್ಯ ವಿವೇಕಿಯಾದವನು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ವಹಿಸುವ ಎಚ್ಚರಿಕೆಯನ್ನೇ ಅಳತೆಗೋಲಾಗಿ ಇರಿಸಿದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಪರವಸ್ತುವಿನ ಮೇಲಿನ ಕಾಳಜಿಯನ್ನು ಅಳೆಯುವುದಕ್ಕೆ ಸ್ವವಸ್ತುವಿನ ಮೇಲಿನ ಮಮತೆಯೇ ಮಾನದಂಡವಾಯಿತಾದ್ದರಿಂದ, ಯಾವುದನ್ನೂ ಎಂದಿಗೂ ತನ್ನದೆಂದು ಪ್ರೀತಿಸದವನು ಪರರದನ್ನು ಕಾಯಲಾರನೆಂದಾಯಿತು. ಮಮತ್ವವನ್ನು ಕೇವಲ ದೋಷವೆಂದು ಹಳಿಯುವವರು ಇದನ್ನು ಗಮನಿಸಬೇಕು: ಒಡೆತನದ ಅಹಂಕಾರವು ಬೇಡವಾದರೂ, ಒಡೆತನವು ಕಲಿಸಿಕೊಟ್ಟ ಅಕ್ಕರೆಯ ಅಭ್ಯಾಸವು ಬೇಕು.

ನಮ್ಮ ಈ ಸೀಮೆಗೆ ಈ ವಿಚಾರವು ಹೊರಗಿನಿಂದ ಬರಬೇಕಾಗಿರಲಿಲ್ಲ. ಬಾರಕೂರಿನ ಭೂತಾಳ ಪಾಂಡ್ಯನ ಹೆಸರಿನೊಡನೆ ಐತಿಹ್ಯವು ಹೆಣೆದಿರುವ ಅಳಿಯಸಂತಾನದ ಕಟ್ಟಿನಲ್ಲಿ, ಬಂಟರೇ ಮೊದಲಾದ ಸಮುದಾಯಗಳ ದೊಡ್ಡ ಮನೆಗಳಿಗೆ ಯಜಮಾನನೋ ಯಜಮಾನ್ತಿಯೋ ಇದ್ದರೂ, ಅವರು ಸ್ವತ್ತಿನ ಒಡೆಯರಾಗಿರದೆ ಕುಟುಂಬದ ಪರವಾಗಿ ಅದನ್ನು ನಡೆಸುವವರು ಮಾತ್ರ ಆಗಿದ್ದರು. ಪಾಲು ಕೇಳುವ ಹಕ್ಕು ಯಾವ ಒಬ್ಬನಿಗೂ ಇರಲಿಲ್ಲ. ಆ ಹಕ್ಕು ಶಾಸನಬದ್ಧವಾಗಿ ಬಂದುದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಹೀಗೆ ತಲೆಮಾರುಗಳವರೆಗೆ ಈ ನಾಡಿನ ದೊಡ್ಡ ಚಾವಡಿಗಳಲ್ಲಿ ಗಂಭೀರವಾಗಿ ಕುಳಿತಿದ್ದ ಯಜಮಾನರೆಲ್ಲರೂ ಕಾವಲುಗಾರರೇ. ಅದಲ್ಲದೆ ಮನೆಯೆಂಬುದು ಮನುಷ್ಯರಿಗಷ್ಟೇ ಸೇರಿದುದೆಂದು ಇಲ್ಲಿಯವರು ಎಣಿಸಿದವರಲ್ಲ. ಹಿತ್ತಿಲಿನ ಬನದಲ್ಲಿ ನಾಗನಿದ್ದಾನೆ, ಒಂದು ಮೂಲೆಯಲ್ಲಿ ಹೈಗುಳಿ, ಚಿಕ್ಕು ಎಂಬ ದೈವಗಳಿವೆ. ಜಾಗವು ಕೈಬದಲಾದರೂ ಅವು ಕದಲುವುದಿಲ್ಲ, ಕೊಂಡವನು ಅವುಗಳ ಸೇವೆಯನ್ನೂ ಕೊಂಡಂತೆಯೇ. ಮಿತ್ರರು ನನಗೆ ಬೀಗದ ಕೈಯನ್ನು ಕೊಡುವಾಗ ತಿಜೋರಿಯ ವಿಚಾರವನ್ನು ಎತ್ತಲಿಲ್ಲ. ದೈವದ ಕಲ್ಲಿನ ಮುಂದೆ ಸಂಕ್ರಾಂತಿಯಂದು ದೀಪವಿಡುವುದನ್ನು ಮರೆಯಬಾರದೆಂದು ಮಾತ್ರ ಎರಡು ಬಾರಿ ಹೇಳಿದರು. ಸೋಣ ತಿಂಗಳಲ್ಲಿ ಈ ಕಡೆಯ ಹೆಂಗಸರು ಹೊಸ್ತಿಲನ್ನು ಪೂಜಿಸುವುದುಂಟು. ಆ ಹೂವನ್ನಿಡುವುದಕ್ಕೂ ವೃದ್ಧೆಯೇ ಬಂದರು. ನಾನು ಮಿತ್ರರ ಮನೆಯನ್ನು ಕಾಯುತ್ತಿದ್ದೆನು, ಮಿತ್ರರು ದೈವದ ಜಾಗವನ್ನು ಕಾಯುತ್ತಿದ್ದರು, ದೈವವು ನಮ್ಮೆಲ್ಲರನ್ನೂ ಕಾಯುವುದೆಂದು ಊರಿನ ನಂಬಿಕೆ. ಈ ಏರ್ಪಾಟಿನಲ್ಲಿ ಅಂತಿಮ ಒಡೆಯನನ್ನು ಹುಡುಕುತ್ತ ಹೋದರೆ ಅದು ತತ್ತ್ವಶಾಸ್ತ್ರದ ಬಾಗಿಲಿಗೇ ಬಂದು ಮುಟ್ಟುವುದು.

ಆ ಬಾಗಿಲಿನಲ್ಲಿ ನಿಂತಿರುವವರು ಈ ಸೀಮೆಗೆ ನೆರೆಯವರೇ ಆದ ಮಧ್ವಾಚಾರ್ಯರು. ತತ್ತ್ವವನ್ನು ಎಣಿಸುವಾಗ ಅವರು ಮಾಡಿದ ಮೊದಲನೆಯ ವಿಭಾಗವೇ ಸ್ವತಂತ್ರ, ಅಸ್ವತಂತ್ರ ಎಂದು. ಸ್ವತಂತ್ರನು ಹರಿಯೊಬ್ಬನೇ, ಜೀವನು ಎಷ್ಟು ಎತ್ತರಕ್ಕೇರಿದರೂ, ಮುಕ್ತಿಯನ್ನೇ ಪಡೆದರೂ, ಒಡೆಯನಾಗನು. ಅದ್ವೈತದ ಕಥೆಯಲ್ಲಿ ಕಾವಲುಗಾರನು ಕೊನೆಗೊಮ್ಮೆ ಎಚ್ಚತ್ತು, ತಾನು ಇಷ್ಟು ದಿನ ಕಾಯುತ್ತಿದ್ದುದು ತನ್ನ ಮನೆಯನ್ನೇ ಎಂದು ಅರಿತುಕೊಳ್ಳುವನು. ಅದೊಂದು ಭವ್ಯವಾದ ಕಥೆ, ಅಲ್ಲಗಳೆಯಲಾರೆ. ಆದರೆ ಕಾವಲಿನ ದಿನಗಳಲ್ಲಿ ನನಗೆ ಒದಗಿದ ಸುಖವು ಆ ಬಗೆಯದಾಗಿರಲಿಲ್ಲ. ಮನೆಯು ನನ್ನದಲ್ಲ, ಎಂದಿಗೂ ಆಗುವುದಿಲ್ಲ, ಆದರೂ ಇದರ ದೀಪವನ್ನು ಹಚ್ಚುವ ಕೆಲಸವು ಇವತ್ತಿಗೆ ನನ್ನದು ಎಂಬ ಭೇದಜ್ಞಾನವೇ ಅದರ ಜೀವಾಳವಾಗಿತ್ತು. ಭೇದವು ಅಳಿದಿದ್ದರೆ ಮಮತ್ವದ ಲೆಕ್ಕಗಳೆಲ್ಲ ಮರಳಿ ಬರುತ್ತಿದ್ದುವು. ದ್ವೈತವು ಸಿದ್ಧಾಂತವಾಗಿ ಸರಿಯೇ ತಪ್ಪೇ ಎಂಬ ವಾದಕ್ಕೆ ನಾನು ಹೊರಡುವವನಲ್ಲ. ಕಾವಲಿನ ಮನೋಧರ್ಮವನ್ನು ಅದು ಬಲ್ಲುದೆಂದು ಮಾತ್ರ ಹೇಳುತ್ತೇನೆ.

ಬಲ್ಲುದಷ್ಟೇ ಅಲ್ಲ, ಅದಕ್ಕೊಂದು ವ್ಯವಸ್ಥೆಯನ್ನೂ ಕಟ್ಟಿಕೊಟ್ಟಿದೆ. ಉಡುಪಿಯ ಕೃಷ್ಣನ ಪೂಜೆಯನ್ನು ಎಂಟು ಮಠಗಳವರು ಸರದಿಯಿಂದ ನಡೆಸುವರು. ಮೊದಲು ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಈ ಪರ್ಯಾಯವನ್ನು ಎರಡು ವರ್ಷಕ್ಕೆ ವಿಸ್ತರಿಸಿದವರು ವಾದಿರಾಜರೆಂದು ಸಂಪ್ರದಾಯವು ಹೇಳುವುದು; ಆ ವಾದಿರಾಜರು ಹುಟ್ಟಿದುದು ಕುಂದಾಪುರದ ಕುಂಭಾಶಿಗೆ ಸಮೀಪವಾದ ಹೂವಿನಕೆರೆಯಲ್ಲಿ. ಅವಧಿ ಮುಗಿದ ಯತಿಯು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಗರ್ಭಗುಡಿಯ ಬೀಗದ ಕೈಯನ್ನೂ ಮುಂದಿನವರಿಗೆ ಒಪ್ಪಿಸಿ ಸರಿದುನಿಲ್ಲುವನು. ಮತ್ತೆ ಆ ಅಧಿಕಾರವು ಆ ಮಠಕ್ಕೆ ಬರುವುದು ಹದಿನಾರು ವರ್ಷದ ಸುತ್ತಿನಲ್ಲಿ. ಎರಡು ತಿಂಗಳು ತೀರ ಕಡಮೆ, ಅಷ್ಟರಲ್ಲಿ ಹೊಣೆಯು ಬೇರೂರುವುದಿಲ್ಲ; ಜೀವಾವಧಿ ತೀರ ಹೆಚ್ಚು, ಅಷ್ಟರಲ್ಲಿ ಹೊಣೆಯು ಒಡೆತನವಾಗಿ ತಿರುಗಿಬಿಡುವುದು. ಕೈಗೆ ಬಂದ ಸಟ್ಟುಗದಿಂದ ಸಾವಿರಾರು ಜನಕ್ಕೆ ಬಡಿಸಿ, ಅವಧಿ ಮುಗಿದಂದು ಅದನ್ನು ಮತ್ತೊಬ್ಬರ ಕೈಗಿಡುವ ಈ ವಿಧಿಯಲ್ಲಿ, ಮಠಗಳ ನಡುವಣ ವಾದವಿವಾದಗಳು ಏನೇ ಇರಲಿ, ಕಾವಲಿಗೆ ಬೇಕಾದ ಮೂರು ಅಂಗಗಳೂ ಇವೆ: ನಿಯತವಾದ ಕಾಲ, ಪೂರ್ಣವಾದ ಅಧಿಕಾರ, ಲೋಕದ ಕಣ್ಣೆದುರಿಗೆ ಒಪ್ಪಿಸಿಬಿಡುವ ದಿನ.

ಇಷ್ಟರವರೆಗೆ ವಿಚಾರವು ಸರಾಗವಾಗಿ ಹರಿದುಬಂದಿತು. ಇನ್ನು ಮುಂದೆ ಅದಕ್ಕೊಂದು ಬಂಡೆಯಿದೆ. ನನ್ನ ಸುಖಕ್ಕೆ ಆಧಾರವಾಗಿದ್ದ ಒಂದು ಸಂಗತಿಯನ್ನು ನಾನು ಈವರೆಗೆ ಹೇಳಿಲ್ಲ: ನನಗೆ ಹಿಂದಿರುಗಿ ಹೋಗುವುದಕ್ಕೆ ಇನ್ನೊಂದು ಮನೆಯಿತ್ತು. ಭರತನಿಗೂ ಇತ್ತು, ಯತಿಗೂ ಮಠವುಂಟು. ಆದರೆ ಈ ನಾಡಿನಲ್ಲಿ ತಮ್ಮದಲ್ಲದ ನೆಲವನ್ನೂ ಮನೆಯನ್ನೂ ಕಾಯ್ದು ಬೆಳೆಸಿದವರಲ್ಲಿ ಬಹುಮಂದಿಗೆ ಅಂತಹ ಇನ್ನೊಂದು ಬಾಗಿಲು ಇರಲಿಲ್ಲ. ಮೂಲಗೇಣಿಯವರಿಗೆ ಶಾಶ್ವತವಾದ ಹಕ್ಕಾದರೂ ಇತ್ತು. ಚಾಲಗೇಣಿಯ ಒಕ್ಕಲಾದರೋ ಧಣಿಯ ಮರ್ಜಿಯಿರುವತನಕ ಮಾತ್ರ ಇರತಕ್ಕವನು. ತಾನು ನೆಟ್ಟ ತೆಂಗಿನ ಫಲವನ್ನು ತಾನು ಉಣ್ಣುವೆನೆಂಬ ಭರವಸೆಯಿಲ್ಲದೆ, ಒಂದು ಮಳೆಗಾಲಕ್ಕೆ ಎರಡು ಬಾರಿ ಹುಣಿ ಕಟ್ಟಿ, ಸುಗ್ಗಿಯಲ್ಲಿ ಗೇಣಿಯಕ್ಕಿ ಅಳೆದು, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೊಣೆಯನ್ನು ದಾಟಿಸುತ್ತ ಬಂದ ಆ ಒಕ್ಕಲಿಗೆ ‘ಒಡೆತನವಿಲ್ಲದಿರುವುದೇ ಸುಖ’ ಎಂದು ಉಪದೇಶಿಸುವ ನಾಲಗೆಗೆ ನಾಚಿಕೆಯಾಗಬೇಕು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಕೊಟ್ಟು ಒಡೆಯನಾಗುವಂತಾದಾಗ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ದುಃಖವೂ ಎಷ್ಟೋ ಮನೆಗಳಲ್ಲಿ ದೀಪಾವಳಿಯೂ ಏಕಕಾಲಕ್ಕೆ ಬಂದುವು. ಆ ಅರ್ಜಿಗೆ ಬಂದ ಡಿಕ್ಲರೇಶನ್ ಎಂಬ ಇಂಗ್ಲಿಷ್ ಶಬ್ದವು ಅಕ್ಷರವರಿಯದವರ ಬಾಯಲ್ಲಿಯೂ ನೆಲೆಸಿತು. ತಲೆಮಾರುಗಳು ಕಾಯ್ದುದಕ್ಕೆ ಫಲವಾಗಿ ಕಾಗದದಲ್ಲಿ ತನ್ನ ಹೆಸರನ್ನು ಕಂಡವನ ಸಂತೋಷವನ್ನು ಅಹಂಕಾರವೆಂದು ಯಾವ ವೇದಾಂತಿಯೂ ಹಳಿಯಲಾರನು.

ಇನ್ನು ಸ್ತ್ರೀಯರ ವಿಚಾರ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 1941ರಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ಯು ಕಡಲಿನ ಕರೆಯ ಒಂದು ಮನೆಯ ಮೂರು ತಲೆಮಾರಿನ ಕಥೆ. ಯಜಮಾನಿಕೆಯ ಪಟ್ಟವು ಗಂಡಸರದು: ರಾಮ ಐತಾಳರದು, ಲಚ್ಚನದು, ಮುಂದೆ ರಾಮನದು. ಮನೆಯನ್ನು ಹಿಡಿದು ನಿಲ್ಲಿಸಿದವರು ಸರಸೋತಿ, ಪಾರೋತಿ, ನಾಗವೇಣಿಯರು. ಸರಸೋತಿಯು ವಿಧವೆಯಾಗಿ ತೌರಿನಲ್ಲಿ ನಿಂತವಳು. ಆ ಮನೆಯ ಒಂದು ಮಣೆಯನ್ನೂ ತನ್ನದೆಂದು ಹೇಳಿಕೊಳ್ಳುವ ಅಧಿಕಾರವಿಲ್ಲದವಳು. ಕಾವಲಿನ ಸಕಲ ಗುಣಗಳೂ ಆಕೆಯಲ್ಲಿವೆ. ಅದನ್ನು ಓದಿ ನಾವು ಕಣ್ಣೀರಿಡುವುದು ಸುಲಭ. ಆಕೆಗೆ ಆಯ್ಕೆಯಿತ್ತೇ ಎಂದು ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಆಯ್ದು ವಹಿಸಿಕೊಂಡ ಕಾವಲು ಮನಸ್ಸನ್ನು ಹಗುರಮಾಡುವುದು; ಹೇರಿದ ಕಾವಲು ಬೆನ್ನನ್ನು ಬಾಗಿಸುವುದು. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಅದೇ ಒಲೆ, ಅದೇ ದೀಪ.

ಹಾಗಾದರೆ ಈ ಸುಖವು ಸುಳ್ಳೇ? ಸುಳ್ಳಲ್ಲ, ಅದರ ಬೋಧೆಯನ್ನು ಯಾರಿಗೆ ಹೇಳಬೇಕೆಂಬುದರಲ್ಲಿ ನಾವು ಎಡವಿದ್ದೇವೆ. ಅಪರಿಗ್ರಹದ ಪಾಠವು ಇಲ್ಲದವನಿಗಾಗಿ ಹುಟ್ಟಿದುದಲ್ಲ, ಇದ್ದವನಿಗಾಗಿ ಹುಟ್ಟಿದುದು. ಗಾಂಧೀಜಿಯವರು 1937ರ ಜನವರಿಯಲ್ಲಿ ತಿರುವಾಂಕೂರಿನಲ್ಲಿ ಸಂಚರಿಸುತ್ತಿದ್ದಾಗ, ಹಿಂದೂಶಾಸ್ತ್ರಗಳೆಲ್ಲ ನಾಶವಾದರೂ ಈಶಾವಾಸ್ಯದ ಮೊದಲನೆಯ ಮಂತ್ರವೊಂದು ಉಳಿದರೆ ಧರ್ಮವು ಉಳಿಯುವುದೆಂಬ ಅಭಿಪ್ರಾಯವನ್ನು ಸಾರಿದರು. ಜಗತ್ತೆಲ್ಲವೂ ಈಶನಿಂದ ವ್ಯಾಪ್ತವಾದುದು, ತ್ಯಜಿಸಿ ಅನುಭವಿಸು, ಪರರ ಧನಕ್ಕೆ ಆಸೆಪಡಬೇಡವೆಂಬ ಆ ಮಂತ್ರದ ಆಶಯದಿಂದಲೇ ಅವರು ಧನಿಕನು ತನ್ನ ಧನಕ್ಕೆ ಧರ್ಮದರ್ಶಿ ಮಾತ್ರವೆಂಬ ತತ್ತ್ವವನ್ನು ಸಮರ್ಥಿಸಿದರು. ಗಮನಿಸಿರಿ, ಅವರು ಅದನ್ನು ಹೇಳಿದುದು ಗಿರಣಿಯ ಮಾಲೀಕನಿಗೆ, ಗಿರಣಿಯ ಆಳಿಗಲ್ಲ.

ನಮ್ಮ ಹಬ್ಬಗಳಲ್ಲಿಯೂ ಈ ಪಾಠವು ಒಡೆಯನಿಗೇ ಮೀಸಲು. ದೀಪಾವಳಿಯ ಸಂಜೆ ಈ ಕಡೆ ಗದ್ದೆಗಳಲ್ಲಿ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವರು. ತನ್ನದಾಗಿದ್ದ ರಾಜ್ಯಕ್ಕೇ ವರ್ಷಕ್ಕೊಮ್ಮೆ ಅತಿಥಿಯಾಗಿ ಬರುವ ಚಕ್ರವರ್ತಿ ಆತ. ಬಂದು ನೋಡಬಹುದು, ಸಂತೋಷಪಡಬಹುದು, ಇರಲಾಗದು. ಬೊಂಬಾಯಿ, ಬೆಂಗಳೂರುಗಳಿಂದ ಅದೇ ದಿನಗಳಲ್ಲಿ ಊರಿಗೆ ಬಂದು ಮೂರು ದಿನವಿದ್ದು ಹೋಗುವ ನಮ್ಮ ಯಜಮಾನರೂ ಒಂದು ರೀತಿಯ ಬಲೀಂದ್ರರೇ. ಆದರೆ ಪೌರಾಣಿಕನಾದ ಬಲಿಯು ಕೊಟ್ಟುಬಿಟ್ಟ ಮೇಲೆ ಅತಿಥಿಯಾದನು. ಇವರು ಕೊಡದೆಯೇ ಅತಿಥಿಗಳಾಗಿದ್ದಾರೆ.

ಆದುದರಿಂದ ನನ್ನ ವಿಚಾರವು ಕೊನೆಗೆ ಅವರನ್ನೇ ಕುರಿತು ಒಂದೆರಡು ಪ್ರಾಯೋಗಿಕವಾದ ಮಾತಾಗಿ ನಿಲ್ಲತಕ್ಕದ್ದು. ಮಿತ್ರತ್ವದಿಂದ ಕೆಲವು ವಾರ ಮನೆ ಕಾಯಲು ಬರುವ ನನ್ನಂತಹವನಿಗೆ ಸುಖವೇ ಸಂಬಳ, ಬೇರೇನೂ ಬೇಡ. ಆದರೆ ವರ್ಷಾನುವರ್ಷ ನಿಮ್ಮ ಒಲೆಯನ್ನು ಉರಿಸುವ ಕುಟುಂಬಕ್ಕೆ, ಬಿದ್ದ ತೆಂಗಿನಕಾಯಿಯನ್ನೂ ಮಡಲನ್ನೂ ತೆಗೆದುಕೊಳ್ಳಿರೆಂದು ಬಿಟ್ಟುಕೊಡುವುದರಿಂದ ಋಣವು ತೀರುವುದಿಲ್ಲ. ಅವರಿಗೆ ನಿಯತವಾದ ವೇತನವಿರಲಿ, ಮಾಡು ರಿಪೇರಿಗೆ ನಿಮ್ಮನ್ನು ಕೇಳದೆ ಖರ್ಚುಮಾಡುವ ಅಧಿಕಾರವಿರಲಿ, ನಾಳೆ ನೀವು ಜಾಗವನ್ನು ಮಾರುವಿರಾದರೆ ಅವರು ನೆಲೆನಿಲ್ಲುವಷ್ಟು ನೆಲವು ಮೊದಲೇ ಅವರ ಹೆಸರಿಗೆ ಬರೆದಿರಲಿ. ವರ್ಷಕ್ಕೊಮ್ಮೆ ಬಂದಾಗ ಅವರಿಂದ ಲೆಕ್ಕ ಕೇಳುವುದಕ್ಕೆ ಮೊದಲು, ದೂರದಲ್ಲಿ ಕುಳಿತು ಈ ಮನೆಗೆ ನೀವೇನು ಮಾಡಿದಿರೆಂಬ ಲೆಕ್ಕವನ್ನು ಅವರಿಗೆ ಒಪ್ಪಿಸಿರಿ. ಏಕೆಂದರೆ ಆ ನೆಲದ ನಾಗನ ದೃಷ್ಟಿಯಲ್ಲಿ ನೀವೂ ಅವರೂ ಒಂದೇ ಕೆಲಸದಲ್ಲಿರುವವರು, ಮತ್ತು ಅದನ್ನು ಈವರೆಗೆ ಕೈಯಾರೆ ಮಾಡಿದವರು ಅವರು. ಇಷ್ಟನ್ನು ನಡೆಸಿದ ಮೇಲೆ ಯಜಮಾನನಾದವನು ತನ್ನ ಮನೆಯಲ್ಲಿಯೇ ಕೆಲವು ದಿನ, ಸುಣ್ಣಬಣ್ಣದ ಚಿಂತೆಯನ್ನು ಬಿಟ್ಟು, ಪಾಲುಪಟ್ಟಿಯ ಮಾತನ್ನು ಬಿಟ್ಟು, ಬೇರೊಬ್ಬರ ಮನೆಯನ್ನು ಕಾಯುವವನಂತೆ ಇದ್ದು ನೋಡಲಿ. ನನಗೆ ಪರಗೃಹದಲ್ಲಿ ದೊರೆತ ಸುಖವು ಅವನಿಗೆ ಸ್ವಗೃಹದಲ್ಲಿಯೇ ದೊರೆಯಲಾರದೆಂದು ನಂಬುವುದಕ್ಕೆ ನನಗೆ ಯಾವ ಕಾರಣವೂ ಕಾಣದು.